ಜೋಲ್ಗೆನ್ಸ್ಮಾ: ಡೋಸು ಒಂದೇ, ಕಾವಲು ಮೂರು ತಿಂಗಳು

ಎಸ್‌ಎಂಎ (ಜೀನ್ ದೋಷದಿಂದ ಸ್ನಾಯು ನಡೆಸುವ ನರಕೋಶಗಳು ಸಾಯುವ) ಕಾಯಿಲೆಯ ಎಳೆಯ ಮಕ್ಕಳಿಗಾಗಿ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಪಡೆದ ಜೀನ್ ಚಿಕಿತ್ಸೆ ಇದು. ಎಎವಿ9 ಎಂಬ, ರೋಗ ತಾರದ ವೈರಸ್ಸಿನ ಚಿಪ್ಪಿನೊಳಗೆ ಸರಿಯಾದ ಜೀನ್ ಇಟ್ಟು, ಸಿರಿಂಜ್ ಪಂಪಿನಿಂದ ಸುಮಾರು 60 ನಿಮಿಷ ರಕ್ತನಾಳಕ್ಕೆ ಹರಿಸುತ್ತಾರೆ. ಔಷಧ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಸತ್ತ ನರಕೋಶ ಮರಳದು. ಲಕ್ಷಣ ಕಾಣುವ ಮೊದಲೇ ಕೊಟ್ಟರೆ ಫಲ ಅತ್ಯುತ್ತಮ.

ತೊಂದರೆ ಬರುವುದು ಹೆಚ್ಚಾಗಿ ಯಕೃತ್ತಿನಲ್ಲಿ. ವೈರಸ್ಸಿನ ಚಿಪ್ಪಿನ ಮೇಲೆ ದೇಹ ತಿರುಗಿಬೀಳುವುದರಿಂದ, ಡೋಸಿನ ಹಿಂದಿನ ದಿನವೇ ಆ ಪ್ರತಿರೋಧ ತಗ್ಗಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಶುರು: ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಮಿಲಿಗ್ರಾಂ, 30 ದಿನ, ಆಮೇಲೆ ರಕ್ತಪರೀಕ್ಷೆ ನೋಡಿಕೊಂಡು ನಿಧಾನಕ್ಕೆ ಇಳಿಕೆ. ಥಟ್ಟನೆ ನಿಲ್ಲಿಸಲೇಬಾರದು. ಮೊದಲ ತಿಂಗಳು ವಾರವಾರ ಎಲ್‌ಎಫ್‌ಟಿ (ಯಕೃತ್ತಿನ ರಕ್ತಪರೀಕ್ಷೆ). ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದವರು ಊರಿನ ಲ್ಯಾಬಿನಲ್ಲೇ ಮಾಡಿಸಿ ವರದಿಯನ್ನು ಚಿಕಿತ್ಸೆ ಕೊಟ್ಟ ವೈದ್ಯರಿಗೆ ಕಳಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಪ್ಲೇಟ್‌ಲೆಟ್, ಟ್ರೊಪೊನಿನ್ (ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ) ಕೂಡ ನೋಡಬೇಕು. ಮಲದಲ್ಲಿ ವೈರಸ್ಸಿನ ಅಂಶ ಹೋಗುವುದರಿಂದ ಒಂದು ತಿಂಗಳು ಡೈಪರ್ ಬದಲಿಸಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ.

ಔಷಧದ ಕಿಟ್ ಬಂದ ಮೇಲೆ ಫ್ರಿಜ್ಜಿನಲ್ಲಿಟ್ಟು 14 ದಿನದೊಳಗೆ ಬಳಸಬೇಕು, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಹಾಗಾಗಿ ಮಗುವಿನ ರಕ್ತದಲ್ಲಿ ಎಎವಿ9 ವಿರುದ್ಧದ ಪ್ರತಿಕಾಯ ಎಷ್ಟಿದೆ ಎಂಬ ವರದಿ ಕೈಗೆ ಬರುವ ಮೊದಲು ಆರ್ಡರ್ ಬೇಡ.

ಬೆಲೆ ಮಾತ್ರ ಅನ್ಯಾಯ: ಬಿಡುಗಡೆಯಾದಾಗ 21.25 ಲಕ್ಷ ಡಾಲರ್. ಇದನ್ನು ರೂಪಿಸಿದ ಅವೆಕ್ಸಿಸ್ ಕಂಪನಿಯನ್ನು ನೊವಾರ್ಟಿಸ್ 2018ರಲ್ಲಿ 870 ಕೋಟಿ ಡಾಲರಿಗೆ ಕೊಂಡಿತ್ತು. ಆ ಭಾರ ರೋಗಿಯ ಮನೆಯವರ ತಲೆಗೆ ಬರಬಾರದಿತ್ತು. ಹಣ ಕೂಡಿಸುತ್ತಾ ತಿಂಗಳುಗಟ್ಟಲೆ ಕಾಯಬೇಡಿ. ಅಪರೂಪದ ಕಾಯಿಲೆಗಳಿಗಿರುವ ಕೇರಳ ಸರಕಾರದ ಕೇರ್ ಯೋಜನೆಯಲ್ಲಿ ಮಕ್ಕಳಿಗೆ ಇದೇ ಕಾಯಿಲೆಯ ಇನ್ನೊಂದು ಔಷಧ ರಿಸ್ಡಿಪ್ಲಾಮ್ ಉಚಿತವಾಗಿ ಕೊಡುತ್ತಾರೆ, ಕಾಸರಗೋಡಿನವರು ಮೊದಲು ಅಲ್ಲಿ ಅರ್ಜಿ ಹಾಕಿ.