ಎಂಟು ತಂತಿಯ ಗಿಟಾರಿಗೆ ಹಣ ಕಟ್ಟುವ ಮುನ್ನ ಹಳೆಯದಕ್ಕೆ ದಪ್ಪ ತಂತಿ ಹಾಕಿ ನೋಡಿ

ಕಳೆದ ಜೂನ್‌ನಲ್ಲಿ, ಹದಿಮೂರು ವರ್ಷ ನನ್ನ ಬಳಿ ಇದ್ದ ಆರು ತಂತಿಯ ಗಿಟಾರನ್ನು ಮುಂಬೈಯ ಅಂಗಡಿಯೊಂದಕ್ಕೆ ಕೊಟ್ಟು, ಮೇಲೆ 41,000 ರೂಪಾಯಿ ಎಣಿಸಿ, ಎಂಟು ತಂತಿಯದೊಂದನ್ನು ಮನೆಗೆ ತಂದುಕೊಂಡೆ. ನವರಾತ್ರಿಯ ಹೊತ್ತಿಗೆ ಅದು ಪೂರ್ತಿ ತಪ್ಪು ಲೆಕ್ಕವೆಂದು ಗೊತ್ತಾಯಿತು. ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ಅನೇಕ ಎಳೆಯರು ಇದೇ ಗೊಂದಲದಲ್ಲಿರುವುದನ್ನು ಕಾಣುತ್ತಿದ್ದೇನೆ: ಇನ್ನಷ್ಟು ಮಂದ್ರದ ಸದ್ದಿಗೆ ಇರುವ ಗಿಟಾರಿನ ಶ್ರುತಿ ಇಳಿಸುವುದೋ, ಏಳು ಅಥವಾ ಎಂಟು ತಂತಿಯದನ್ನು ಕೊಳ್ಳುವುದೋ? ಅವರಲ್ಲಿ ಒಬ್ಬರಾದರೂ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ನಾಲ್ವರ ತಂಡ. ನಾನಿರುವುದು ಡೊಂಬಿವಲಿಯಲ್ಲಿ. ಬೇಸ್ ನುಡಿಸುವ ಗೆಳೆಯ ಮುಲುಂಡಿನವನು, ಅವನ ಮನೆಮಾತೂ ಕನ್ನಡ. ಪ್ರತಿ ಭಾನುವಾರ ಲೋಕಲ್‌ನಲ್ಲಿ ಘಾಟ್‌ಕೋಪರ್‌ವರೆಗೆ ಹೋಗಿ, ಅಲ್ಲಿಂದ ಮೆಟ್ರೊ ಹಿಡಿದು ಅಂಧೇರಿಯ ಜ್ಯಾಮ್ ರೂಮ್ (ತಾಲೀಮಿನ ಕೋಣೆ) ಸೇರುತ್ತೇವೆ. ನಮ್ಮ ಹಾಡುಗಳೆಲ್ಲ ಸಾಮಾನ್ಯ ಶ್ರುತಿಯಲ್ಲಿದ್ದವು. ಅಂದರೆ ಗಿಟಾರಿನ ಅತಿ ದಪ್ಪ ತಂತಿ ಪಾಶ್ಚಾತ್ಯ ಸಂಗೀತದ ಇ (E) ಸ್ವರದ್ದು, ಸುಮಾರು 82 ಹರ್ಟ್ಸ್, ಅಂದರೆ ಸೆಕೆಂಡಿಗೆ 82 ಕಂಪನ. ಬೇಸಿಗೆಯಲ್ಲಿ ನಮ್ಮ ಗಾಯಕ ಹೊಸ ಹಾಡುಗಳನ್ನು ಬಿ ಸ್ವರಕ್ಕೆ, ಅಂದರೆ 62 ಹರ್ಟ್ಸ್ ಆಸುಪಾಸಿಗೆ ಇಳಿಸೋಣ ಎಂದ. ಇ ಯನ್ನು ಷಡ್ಜ ಎಂದುಕೊಂಡರೆ ಬಿ ಅದರ ಕೆಳಗಿನ ಪಂಚಮ.

ನಾನು ಮಾಡಿದ್ದು ಇಷ್ಟೇ: ಗಿಟಾರಿನಲ್ಲಿದ್ದ ತಂತಿಗಳ ಕಿವಿ ಹಿಂಡಿ ಶ್ರುತಿ ಇಳಿಸಿದೆ. ಅವು ತೆಳುವಾದ 9–42 ಗೇಜಿನ ತಂತಿಗಳು, ಅಂದರೆ ಅತಿ ತೆಳುವಿನದು ಇಂಚಿನ ಸಾವಿರದಲ್ಲಿ 9 ಪಾಲು, ಅತಿ ದಪ್ಪದ್ದು 42 ಪಾಲು ದಪ್ಪ. ಕೆಳಗಿನ ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿತ್ತು. ಮೀಟಿದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಗೆ ಬಡಿದು ಗರಗರ ಎನ್ನುತ್ತಿತ್ತು. ಸ್ವಲ್ಪ ಬಿಗಿಯಾಗಿ ಒತ್ತಿದರೆ ಸ್ವರವೇ ಮೇಲೇರುತ್ತಿತ್ತು, ಜೋರಾಗಿ ಬಾರಿಸಿದರೆ ಮೊದಲು ಏರಿ ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತಿತ್ತು. ಡಿಸ್ಟಾರ್ಷನ್ (ಸದ್ದನ್ನು ಒಡಕಾಗಿಸುವ ಎಫೆಕ್ಟ್) ಹಾಕಿದ ಮೇಲಂತೂ ರಿಫ್ (ಮರುಕಳಿಸುವ ಚಿಕ್ಕ ನುಡಿಸಿಕೆ) ಕಲಸಿದ ಅನ್ನದಂತಾಯಿತು. ಈ ಗಿಟಾರಿನ ಕೈಲಿ ಇಷ್ಟೇ ಆಗುವುದು ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ.

ಮಳೆ ಹಿಡಿದ ಒಂದು ಶನಿವಾರ ಅದನ್ನು ಹೆಗಲಿಗೆ ಹಾಕಿಕೊಂಡೇ ಅಂಗಡಿಗೆ ಹೋದೆ. ಅಲ್ಲಿನ ಮಾರಾಟಗಾರ ಅದನ್ನು ಎರಡು ನಿಮಿಷ ನುಡಿಸಿ, 24.75 ಇಂಚಿನ ಸ್ಕೇಲ್ ಇರುವ ಆರು ತಂತಿಯ ಗಿಟಾರನ್ನು ಮಂದ್ರಕ್ಕೆ ಮಾಡಿಯೇ ಇಲ್ಲ, ಇಂದಿನ ಮೆಟಲ್ ಬೇಕಿದ್ದರೆ ಎಂಟು ತಂತಿಯೇ ಗತಿ ಎಂದ. ಸ್ಕೇಲ್ ಎಂದರೆ ಕತ್ತಿನ ತುದಿಯ ಪಟ್ಟಿಯಾದ ನಟ್‌ನಿಂದ ಒಡಲಿನ ಮೇಲಿನ ಕುದುರೆಯಾದ ಬ್ರಿಡ್ಜ್‌ವರೆಗೆ ತಂತಿ ಕಂಪಿಸುವ ಉದ್ದ. ಆಮೇಲೆ 27 ಇಂಚಿನ ಸ್ಕೇಲ್ ಇರುವ ಎಂಟು ತಂತಿಯ ಗಿಟಾರನ್ನು ದೊಡ್ಡ ಆಂಪ್‌ಗೆ (ಆಂಪ್ಲಿಫೈಯರ್) ಸಿಕ್ಕಿಸಿ, ಕೆಳಗಿನ ತಂತಿಯೊಂದನ್ನೇ ಬಾರಿಸಿ ತೋರಿಸಿದ. ಎದೆ ಅದುರಿತು. ನಾನು ಸೋತದ್ದು ಅಲ್ಲೇ. ಅವನ ಗಿಟಾರಿಗೆ ಹೊಸ ದಪ್ಪ ತಂತಿ ಇತ್ತು, ಸೆಟಪ್ (ಕತ್ತು, ಬ್ರಿಡ್ಜ್‌ಗಳ ಹೊಂದಾಣಿಕೆ) ಹೊಸದಾಗಿ ಆಗಿತ್ತು. ನನ್ನದಕ್ಕೆ ತಿಂಗಳುಗಳ ಹಳೆಯ, ಬೇರೆ ಶ್ರುತಿಗೆಂದು ಮಾಡಿದ ತಂತಿಗಳಿದ್ದವು. ಅಂಥ ಎರಡನ್ನು ಪಕ್ಕಪಕ್ಕದಲ್ಲಿಟ್ಟು ತೂಗುವುದೇ ಅನ್ಯಾಯ. ನನ್ನದಕ್ಕೂ ದಪ್ಪ ತಂತಿ ಹಾಕಿ ನೋಡೋಣ ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ, ನನಗೂ ಹೊಳೆಯಲಿಲ್ಲ. ಈ ಬೆಲೆ ಇವತ್ತಿಗಷ್ಟೇ ಎಂದು ಅವಸರ ಮಾಡಿದ. ಹಳೆಯದಕ್ಕೆ 9,000 ರೂಪಾಯಿ ಹಿಡಿದ. ಒಪ್ಪಿಕೊಂಡೆ.

ಮೊದಲ ಭಾನುವಾರವೇ ಜ್ಯಾಮ್ ರೂಮಿನಲ್ಲಿ ಅಂಗಡಿಯ ಆ ಸದ್ದು ಎಲ್ಲೂ ಸಿಗಲಿಲ್ಲ. ಎಂಟನೆಯ ತಂತಿ ಎಫ್ ಶಾರ್ಪ್, ಸುಮಾರು 46 ಹರ್ಟ್ಸ್. ಬೇಸ್ ಗಿಟಾರಿನ ಅತಿ ಕೆಳಗಿನ ಇ 41 ಹರ್ಟ್ಸ್. ಎರಡರ ನಡುವೆ ಷಡ್ಜಕ್ಕೂ ಚತುಶ್ರುತಿ ರಿಷಭಕ್ಕೂ ಇರುವಷ್ಟೇ ದೂರ. ಇಬ್ಬರೂ ಒಂದೇ ಜಾಗಕ್ಕೆ ನುಗ್ಗಿದೆವು. ಯಾರ ಸ್ವರ ಯಾವುದೆಂದು ಡ್ರಮ್ ಬಾರಿಸುವವನಿಗೆ ತಿಳಿಯಲಿಲ್ಲ. ಸಾಮಾನ್ಯ ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ 70–80 ಹರ್ಟ್ಸ್‌ಗಿಂತ ಕೆಳಗೆ ಬಲ ಕಳೆದುಕೊಳ್ಳುತ್ತದೆ. ಅಷ್ಟು ಕೆಳಗಿನ ಸ್ವರದ ಮೂಲ ಕಂಪನ ಅಲ್ಲಿ ಬಹಳ ಕ್ಷೀಣ, ಮುಖ್ಯವಾಗಿ ಕೇಳಿಸುವುದು ಅದರ ಮೇಲಿನ ಅನುಸ್ವರಗಳು. ಮಂದ್ರ ಹೆಚ್ಚಿಸುವ ಬೇಸ್ ಗುಂಡಿ ತಿರುಗಿಸಿದಷ್ಟೂ ಕೆಸರು ಹೆಚ್ಚಾಯಿತು. ಆಂಪ್‌ನ ಬೇಸನ್ನೂ ಗೇನನ್ನೂ (ಡಿಸ್ಟಾರ್ಷನ್ ಪ್ರಮಾಣ) ಕಡಿಮೆ ಮಾಡಿದಾಗ ಮಾತ್ರ ರಿಫ್ ಬಿಡಿಬಿಡಿಯಾಗಿ ಕೇಳಿಸಿತು. ಹಾಗೆ ಮಾಡಿದ್ದರೆ ನನ್ನ ಹಳೆಯ ಗಿಟಾರೂ ಅರ್ಧ ಗೆಲ್ಲುತ್ತಿತ್ತು.

ಕೈಗೂ ಒಗ್ಗಲಿಲ್ಲ. ಆರು ತಂತಿಯದರ ನಟ್ ಅಗಲ 42–43 ಮಿಲಿಮೀಟರ್, ಇದರದ್ದು 55ರ ಹತ್ತಿರ. ಗಿಡ್ಡ ಬೆರಳಿನ ನನಗೆ ಒಂದು ಗಂಟೆಯ ಅಭ್ಯಾಸಕ್ಕೆ ಮಣಿಕಟ್ಟು ನೋಯುತ್ತಿತ್ತು. ನುಡಿಸದ ತಂತಿಗಳು ತಾವಾಗಿಯೇ ಅನುರಣಿಸುತ್ತವೆ, ಅವನ್ನು ಎರಡೂ ಕೈಗಳಿಂದ ಸದಾ ಅದುಮಿ ಹಿಡಿದಿರಬೇಕು. ಆಗಸ್ಟ್‌ನಲ್ಲಿ ತಂತಿ ತುಂಡಾದಾಗ ಮೂರು ಅಂಗಡಿ ಅಲೆದರೂ ಎಂಟರ ಸೆಟ್ ಸಿಗದೆ ಆನ್‌ಲೈನ್‌ನಲ್ಲಿ ತರಿಸಬೇಕಾಯಿತು. ಆದರೆ ನನ್ನನ್ನು ನಿಜವಾಗಿ ಚುಚ್ಚಿದ್ದು ಬೇಸ್ ಗೆಳೆಯನ ಮಾತು. "ನಮ್ಮ ಹಾಡುಗಳಲ್ಲಿ ಬಿ ಗಿಂತ ಕೆಳಗೆ ಒಂದು ಸ್ವರವೂ ಇಲ್ಲ. ಆ ಎಂಟನೆಯ ತಂತಿಯನ್ನು ನೀನು ಮುಟ್ಟುವುದು ಅದನ್ನು ಸುಮ್ಮನಾಗಿಸಲು ಮಾತ್ರ, ಅಲ್ಲವೇನೋ?" ಎಂದ. ನಾಲ್ಕು ತಿಂಗಳ ಧ್ವನಿಮುದ್ರಣಗಳನ್ನು ಮನೆಯಲ್ಲಿ ಕುಳಿತು ಮತ್ತೆ ಕೇಳಿದೆ. ಅವನು ಹೇಳಿದ್ದು ಅಕ್ಷರಶಃ ಸತ್ಯ.

ಆಯುಧಪೂಜೆಗೆ ಅಮ್ಮ ತಮ್ಮ ತಂಬೂರಿಯ ಪಕ್ಕದಲ್ಲಿ ಗಿಟಾರನ್ನೂ ಇಟ್ಟು ಕುಂಕುಮ ಹಚ್ಚುತ್ತಾರೆ. ಹಳೆಯದು ಎಲ್ಲಿ ಎಂದು ಕೇಳಿದಾಗ ಎಲ್ಲವನ್ನೂ ಹೇಳಿದೆ. ಅವರು ತಂಬೂರಿಯ ಕೊನೆಯ ತಂತಿಯನ್ನು ಮೀಟಿದರು. ಮೊದಲ ಮೂರು (ಸಾರಣೆ ಎನ್ನುವ ನಡುವಿನ ಎರಡೂ ಸೇರಿ) ಉಕ್ಕಿನವು, ಆ ಮಂದ್ರ ಷಡ್ಜದ್ದು ದಪ್ಪನೆಯ ಹಿತ್ತಾಳೆಯದು. "ಸಾರಣೆಯ ತಂತಿಯನ್ನೇ ಸಡಿಲಿಸಿ ಮಂದ್ರಕ್ಕೆ ಇಳಿಸಿದರೆ ನುಡಿಯುತ್ತದೆಯೇನೋ?" ಎಂದರು. ಚಿಕ್ಕಂದಿನಿಂದ ಆ ತಂಬೂರಿಯ ಪಕ್ಕದಲ್ಲೇ ಬೆಳೆದವನು ನಾನು.

ಮರುವಾರ ಬಾಂದ್ರಾದಲ್ಲಿ ಗಿಟಾರ್ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೋದೆ. ಅವರು ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕ ಇದು. ತಂತಿಯ ಬಿಗಿತ ಸ್ವರದ ಆವರ್ತನದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಇ ಯಿಂದ ಬಿ ಗೆ ಇಳಿದಾಗ ಆವರ್ತನ ನಾಲ್ಕರಲ್ಲಿ ಮೂರು ಪಾಲಾಗುತ್ತದೆ, ಬಿಗಿತ ಹದಿನಾರರಲ್ಲಿ ಒಂಬತ್ತು ಪಾಲಿಗೆ, ಅಂದರೆ ಶೇಕಡಾ 56ಕ್ಕೆ ಕುಸಿಯುತ್ತದೆ. ನನ್ನ 42ರ ತಂತಿಯಲ್ಲಿ ಆರು ಕಿಲೋ ಚಿಲ್ಲರೆ ಇದ್ದ ಬಿಗಿತ ಮೂರೂವರೆ ಕಿಲೋಗೆ ಇಳಿದಿತ್ತು. ಅದನ್ನು ಮರಳಿ ಪಡೆಯಲು ತಂತಿಯನ್ನು ಆವರ್ತನ ಇಳಿದ ಪ್ರಮಾಣದಲ್ಲೇ ದಪ್ಪ ಮಾಡಬೇಕು: 42ನ್ನು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದರೆ 56. ಇನ್ನೂ ಬಿಗಿ ಬೇಕೆನಿಸಿದರೆ 60. ಉಳಿದ ಐದು ತಂತಿಗಳಿಗೂ ಇದೇ ಸೂತ್ರ. ಉದ್ದದ ಸ್ಕೇಲ್ ನೆರವಾಗುವುದು ನಿಜ: ಅದೇ ತಂತಿ, ಅದೇ ಸ್ವರಕ್ಕೆ 24.75ರ ಬದಲು 27 ಇಂಚು ಇದ್ದರೆ ಬಿಗಿತ ಶೇಕಡಾ 19ರಷ್ಟು ಹೆಚ್ಚು. ಆದರೆ 42ರಿಂದ 56ಕ್ಕೆ ಹೋದರೆ ಹೆಚ್ಚುವುದು ಶೇಕಡಾ 78ರಷ್ಟು.

ದಪ್ಪ ತಂತಿ ಹಾಕಿದೊಡನೆ ಎಲ್ಲವೂ ಸರಿಹೋಗುವುದಿಲ್ಲ. ನಟ್‌ನ ಸೀಳುಗಳನ್ನು ಅಗಲ ಮಾಡಬೇಕು. ಆಳ ಹೆಚ್ಚಾದರೆ ತೆರೆದ ತಂತಿ ಗರಗರ ಎನ್ನುತ್ತದೆ, ಆಗ ನಟ್ಟನ್ನೇ ಬದಲಿಸಬೇಕಾದೀತು. ಆದ್ದರಿಂದ ಮನೆಯಲ್ಲಿ ಅರ ಹಿಡಿದು ಕೂರಬೇಡಿ. ಟ್ರಸ್ ರಾಡ್ (ಕತ್ತಿನೊಳಗಿನ ಉಕ್ಕಿನ ಸರಳು), ಬ್ರಿಡ್ಜ್‌ನಲ್ಲಿ ಇಂಟೊನೇಷನ್ (ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿಯಾಗಿರುವಂತೆ ಹೊಂದಿಕೆ), ತೇಲುವ ಬ್ರಿಡ್ಜ್ ಆಗಿದ್ದರೆ ಹಿಂದಿನ ಸ್ಪ್ರಿಂಗ್‌ಗಳ ಸಮತೋಲ, ಎಲ್ಲವನ್ನೂ ಹೊಸ ಬಿಗಿತಕ್ಕೆ ಹೊಂದಿಸಬೇಕು. ನಮ್ಮ ಮಳೆಗಾಲದ ತೇವಕ್ಕೆ ಗಿಟಾರಿನ ಕತ್ತು ಬಾಗುವುದೂ ಉಂಟು, ಹಾಗಾಗಿ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ತೋರಿಸುವುದು ಒಳ್ಳೆಯದು. ಗೆಳೆಯನ ಅಣ್ಣನ ಬಳಿ ಧೂಳು ಹಿಡಿಯುತ್ತಿದ್ದ ಆರು ತಂತಿಯ ಗಿಟಾರನ್ನು ಎರವಲು ಪಡೆದು ಇದನ್ನೆಲ್ಲ ಮಾಡಿಸಿದೆ. ತಂತಿಗೆ 750, ಕೂಲಿಗೆ 1,600 ರೂಪಾಯಿ. ಈಗ ನಮ್ಮ ಬಿ ಶ್ರುತಿಯ ಹಾಡುಗಳನ್ನೆಲ್ಲ ಅದರಲ್ಲೇ ನುಡಿಸುತ್ತಿದ್ದೇನೆ.

ಆರು ತಂತಿಯಲ್ಲಿ ಮಂದ್ರ ಸಾಧ್ಯವಿಲ್ಲ ಎಂದು ಯಾರಾದರೂ ಹೇಳಿದರೆ ಈ ಸಂಗೀತದ ಚರಿತ್ರೆಯನ್ನೇ ಮುಂದಿಡಿ. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಬೆರಳ ತುದಿಗಳನ್ನು ಕಳೆದುಕೊಂಡ ಗಿಟಾರ್ ವಾದಕ ಟೋನಿ ಅಯೋಮಿ 1971ರಲ್ಲೇ ತಮ್ಮ ಬ್ಲ್ಯಾಕ್ ಸಬ್ಬತ್ ತಂಡದ ಹಾಡುಗಳಿಗೆ ಮೂರು ಅರ್ಧಸ್ವರ, ಅಂದರೆ ಮೂರು ಫ್ರೆಟ್‌ಗಳಷ್ಟು ಇಳಿಸಿದ್ದರು. ಲಿವರ್‌ಪೂಲ್‌ನ ಕಾರ್ಕಸ್ ತಂಡ ಆರು ತಂತಿಯಲ್ಲೇ ಬಿ ಗೆ ಇಳಿದಿತ್ತು. ಗಿಟಾರ್ ವಾದಕ ಸ್ಟೀವ್ ವಾಯ್ ಜೊತೆಗೂಡಿ ಐಬನೆಜ್ ಕಂಪನಿ ಏಳು ತಂತಿಯ ಯೂನಿವರ್ಸ್ ಮಾದರಿಯನ್ನು ತಂದದ್ದು 1990ರಲ್ಲಿ, ಅಂದರೆ ಅಯೋಮಿ ಶ್ರುತಿ ಇಳಿಸಿದ ಹತ್ತೊಂಬತ್ತು ವರ್ಷಗಳ ನಂತರ.

ಹೆಚ್ಚು ತಂತಿಯ ಗಿಟಾರುಗಳ ಮೇಲೆ ನನಗೆ ಹಗೆಯಿಲ್ಲ. ಒಂದೇ ಹಾಡಿನಲ್ಲಿ ಕೆಳಗಿನ ಬಿ ಯೂ ಬೇಕು, ಮೇಲೆ ಸಾಮಾನ್ಯ ಶ್ರುತಿಯ ಸೋಲೋ ಕೂಡ ಬೇಕು ಎಂದರೆ ಏಳು ತಂತಿಯದೇ ಸರಿಯಾದ ಆಯ್ಕೆ, ಏಕೆಂದರೆ ಶ್ರುತಿ ಇಳಿಸಿದ ಆರರಲ್ಲಿ ಮೇಲಿನ ಐದು ಅರ್ಧಸ್ವರಗಳನ್ನು ಕಳೆದುಕೊಳ್ಳುತ್ತೀರಿ. ಸ್ವೀಡನ್ನಿನ ಮೆಶುಗ್ಗಾ ತಂಡದವರ ಹಾಗೆ ಎಂಟನೆಯ ತಂತಿಯ ಮೇಲೆಯೇ ಸಂಯೋಜನೆ ಕಟ್ಟುವವರಿಗೆ ಎಂಟು ಬೇಕೇ ಬೇಕು. ನನ್ನ ಬೇಡಿಕೆ ಇಷ್ಟು: ನಿಮ್ಮ ಹಾಡುಗಳ ಅತಿ ಕೆಳಗಿನ ಸ್ವರ ಯಾವುದೆಂದು ಮೊದಲು ಬರೆದಿಟ್ಟುಕೊಳ್ಳಿ. ಹೊಸ ಗಿಟಾರನ್ನು ಅಂಗಡಿಯ ಆಂಪ್‌ನಲ್ಲಿ ಒಬ್ಬರೇ ಕೇಳಿ ನಿರ್ಧರಿಸಬೇಡಿ, ಬೇಸ್ ನುಡಿಸುವವರನ್ನು ಜೊತೆಗೆ ಕರೆದೊಯ್ಯಿರಿ. ಹಳೆಯದನ್ನು ಅದೇ ದಿನ ವಿನಿಮಯಕ್ಕೆ ಕೊಡಬೇಡಿ, ಯಾವ ಬೆಲೆ ಹೇಳಿದರೂ.

ನನ್ನ ಹಳೆಯ ಗಿಟಾರನ್ನು ವಾಪಸ್ ಕೇಳಲು ಅಂಗಡಿಗೆ ಮತ್ತೆ ಹೋದಾಗ ಅದು ಜುಲೈನಲ್ಲೇ ಮಾರಾಟವಾಗಿತ್ತು. ಯಾರು ಕೊಂಡರೆಂದು ಅಂಗಡಿಯವರು ಹೇಳಲಿಲ್ಲ. ಮಾಗಿದ ಚೆರಿ ಹಣ್ಣಿನ ಬಣ್ಣ, ಕೇಬಲ್ ಸಿಕ್ಕಿಸುವ ಜಾಗದ ಪಕ್ಕ ಉಗುರಿನಷ್ಟು ಬಣ್ಣ ಎದ್ದಿದೆ, ತಲೆಯ ಹಿಂಬದಿಯಲ್ಲಿ ಎಷ್ಟು ಒರೆಸಿದರೂ ಹೋಗದ ಕುಂಕುಮದ ಕಲೆ ಇದೆ. ಮುಂಬೈ, ಠಾಣೆ, ಪುಣೆಯ ಕಡೆ ಯಾರ ಕೈಯಲ್ಲಾದರೂ ಕಂಡರೆ ದಯವಿಟ್ಟು ತಿಳಿಸಿ. ಅವರು ಕೊಟ್ಟ ಬೆಲೆಗಿಂತ ಹೆಚ್ಚೇ ಕೊಡುತ್ತೇನೆ.