ಪ್ರಿಂಟರ್ ಪೋರ್ಟ್ ಲಾಕ್ ಇರೋ ಹಳೇ ಕನ್ನಡ ಸಾಫ್ಟ್‌ವೇರ್ ಇಟ್ಕೊಂಡಿರೋರು ಹೊಸ ಕಂಪ್ಯೂಟರ್ ತಗೊಳ್ಳೋ ಮುಂಚೆ ಇದನ್ನ ಓದಿ

ಡಿಟಿಪಿ (ಕಂಪ್ಯೂಟರಲ್ಲಿ ಪುಟ ಜೋಡಿಸೋ ಕೆಲ್ಸ) ಮಾಡೋರಿಗೆ, ಅದ್ರಲ್ಲೂ ಹದಿನೈದಿಪ್ಪತ್ತು ವರ್ಷದ ಹಿಂದೆ ದುಡ್ಡು ಕೊಟ್ಟು ಕನ್ನಡ ಪ್ಯಾಕೇಜ್ ತಗೊಂಡು ಅದರ ಲಾಕನ್ನ (ಸಿಗಿಸಿದ್ರೆ ಮಾತ್ರ ಸಾಫ್ಟ್‌ವೇರ್ ಓಡೋ ಹಾಗೆ ಕಂಪನಿ ಕೊಡೋ ಸಣ್ಣ ಡಬ್ಬಿ) ಇವತ್ತಿಗೂ ಸಿಪಿಯು ಹಿಂದೆ ಸಿಗಿಸ್ಕೊಂಡೇ ಕೆಲ್ಸ ಮಾಡ್ತಿರೋರಿಗೆ ಇದು. ನನಗಾಗಿದ್ದು ನಿಮಗಾಗೋದು ಬೇಡ.

ನಮ್ದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್, ವರ್ಷಕ್ಕೆ ನಾಲ್ಕೈದು ಪುಸ್ತಕ. 2004ರಲ್ಲಿ ತಗೊಂಡ ಪ್ಯಾಕೇಜು, ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಲಾಕು, 25 ಪಿನ್ನಿಂದು, ಪ್ರಿಂಟರ್ ಪೋರ್ಟಿಗೆ ಹಾಕಿ ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಹಾಕೋದು. ಪ್ರಿಂಟರ್ ಆಫ್ ಇದ್ರೆ ಒಂದೊಂದ್ಸಲ ಲಾಕೇ ಸಿಗ್ತಿಲ್ಲ ಅಂತಿತ್ತು, ಅದಕ್ಕೂ ಒಗ್ಗಿಹೋಗಿದ್ವಿ. ಹೋದ ಮಳೆಗಾಲದಲ್ಲಿ ಆ ವಿಂಡೋಸ್ ಎಕ್ಸ್‌ಪಿ ಮೆಷಿನ್ನಿನ ಮದರ್‌ಬೋರ್ಡ್ ಸುಟ್ಟೋಯ್ತು. ಆಗ ಕೈಲಿದ್ದಿದ್ದು ಹಿರಿಯ ಮೇಷ್ಟ್ರೊಬ್ರ ಪುಸ್ತಕದ ಎರಡನೇ ಮುದ್ರಣ, 280 ಪುಟ, ಬರೀ ಕರೆಕ್ಷನ್ ಬಾಕಿ. ಹಾರ್ಡ್‌ಡಿಸ್ಕ್ ಚೆನ್ನಾಗಿತ್ತು, ಫೈಲೆಲ್ಲ ಸಿಕ್ತು, ಅದಕ್ಕೇ ಧೈರ್ಯವಾಗಿ ವಿಂಡೋಸ್ 11 ಇರೋ ಹೊಸ ಕಂಪ್ಯೂಟರ್ ತಗೊಂಡ್ಬಿಟ್ಟೆ.

ಅದ್ರಲ್ಲಿ ಪ್ರಿಂಟರ್ ಪೋರ್ಟೇ ಇಲ್ಲ. ಅಂಗಡಿಯವ್ರು ಯುಎಸ್‌ಬಿಯಿಂದ ಪ್ಯಾರಲಲ್‌ಗೆ (ಅಂದ್ರೆ ಪ್ರಿಂಟರ್ ಪೋರ್ಟಿಗೆ) ಹೋಗೋ ಕೇಬಲ್ ಕೊಟ್ಟು ಇದು ಸಾಕು ಅಂದ್ರು. ದಯವಿಟ್ಟು ಇದನ್ನ ನೆನಪಿಟ್ಕೊಳಿ, ಆ ಕೇಬಲ್ ಬರೀ ಪ್ರಿಂಟರಿಗೆ, ಲಾಕಿಗೆ ಅಲ್ಲ. ಸಾಫ್ಟ್‌ವೇರು ಪೋರ್ಟಿನ ಪಿನ್ನುಗಳ ಜೊತೆ ನೇರವಾಗಿ ಮಾತಾಡುತ್ತೆ, ಒಂದು ಸಂಖ್ಯೆ ಕಳಿಸಿ ಲಾಕ್ ಏನು ಉತ್ತರ ಕೊಡುತ್ತೆ ಅಂತ ನೋಡುತ್ತೆ, ಕೇಬಲ್ಲಿಗೆ ಅದನ್ನ ದಾಟಿಸೋಕೆ ಬರಲ್ಲ. ಆಮೇಲೆ ಪೋರ್ಟ್ ಇರೋ ಕಾರ್ಡ್ ತಂದು ಒಳಗೆ ಹಾಕಿಸ್ದೆ. ಅದೂ ಆಗ್ಲಿಲ್ಲ. ಹಳೇ ಲಾಕು ಪೋರ್ಟನ್ನ 378 ಅನ್ನೋ ವಿಳಾಸದಲ್ಲಿ ಹುಡುಕುತ್ತೆ, ಕಾರ್ಡು ಬೇರೆ ವಿಳಾಸ ತಗೊಳುತ್ತೆ. ಎಲ್ಲಕ್ಕಿಂತ ದೊಡ್ಡ ಗೋಡೆ ಡ್ರೈವರು, ಅಂದ್ರೆ ವಿಂಡೋಸು ಲಾಕನ್ನ ಗುರುತಿಸೋಕೆ ಬೇಕಾದ ಫೈಲು. ನಮ್ದು 32 ಬಿಟ್ಟಿಂದು, ವಿಂಡೋಸ್ 11 ಇರೋದು 64 ಬಿಟ್. 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ಲೋಡೇ ಆಗಲ್ಲ, ಕಂಪ್ಯಾಟಿಬಿಲಿಟಿ ಮೋಡ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಅದು ಪ್ರೋಗ್ರಾಮಿಗೆ, ಡ್ರೈವರಿಗಲ್ಲ.

ಹೊಟ್ಟೆ ಉರಿದಿದ್ದು ಇಲ್ಲಿ. ಫಾಂಟುಗಳು ಮಾಮೂಲಿ ಟಿಟಿಎಫ್, ಅವಕ್ಕೆ ಲಾಕ್ ಬೇಡ, ಕಾಪಿ ಮಾಡಿ ಹಾಕ್ದೆ, ಪುಟ ಜೋಡಿಸೋ ಪೇಜ್‌ಮೇಕರ್ ತೆಗೆದ್ರೆ ಮೇಷ್ಟ್ರ ಪುಸ್ತಕ ಪೂರ್ತಿ ಕಣ್ಮುಂದೆ ಇದೆ. ಆದ್ರೆ ಕನ್ನಡ ಟೈಪ್ ಮಾಡೋಕೆ ಪ್ಯಾಕೇಜಿನಲ್ಲಿರೋ ಕೀಬೋರ್ಡ್ ಪ್ರೋಗ್ರಾಂ ಓಡೋದು ಲಾಕ್ ಇದ್ರೆ ಮಾತ್ರ. ಪುಟ 41ರಲ್ಲಿ 'ಅಧ್ಯಾಪಕ'ದ ಯ ಒತ್ತು ಬಿಟ್ಟೋಗಿ 'ಅಧಾಪಕ' ಆಗಿದೆ, ಮೇಷ್ಟ್ರು ಕೆಂಪು ಪೆನ್ನಲ್ಲಿ ಗುಂಡಗೆ ಸುತ್ತಿ ಕೊಟ್ಟಿದ್ದಾರೆ, ಆ ಒಂದು ಒತ್ತು ಹಾಕೋಕಾಗ್ತಿಲ್ಲ. ನುಡಿ ಅನ್ನೋ ಇನ್ನೊಂದು ಕನ್ನಡ ಸಾಫ್ಟ್‌ವೇರ್ ಹಾಕಿ ಟೈಪ್ ಮಾಡಿದ್ರೆ ಬೇರೇನೋ ಅಕ್ಷರ ಬರುತ್ತೆ, ಯಾಕಂದ್ರೆ ಯೂನಿಕೋಡ್ (ಎಲ್ಲ ಕಡೆ ಒಂದೇ ಥರ ಇರೋ ಅಕ್ಷರದ ಕೋಡು) ಅಲ್ಲದ ಫಾಂಟುಗಳಲ್ಲಿ ಒಬ್ಬೊಬ್ರದ್ದು ಒಂದೊಂದು ಕೋಡು. ಯೂನಿಕೋಡಿಗೆ ಬದಲಾಯಿಸೋಣ ಅಂದ್ರೆ ನಮ್ಮ ಫಾಂಟಿನ ಕನ್ವರ್ಟರ್ ಇರೋದೂ ಅದೇ ಪ್ಯಾಕೇಜಿನೊಳಗೆ, ಅದಕ್ಕೂ ಲಾಕ್ ಬೇಕು.

ಕಂಪನಿಗೆ ಫೋನ್ ಮಾಡ್ದೆ. ಆ ವರ್ಷನ್ ಈಗಿಲ್ಲ, ಹೊಸದನ್ನ ಪೂರ್ತಿ ದುಡ್ಡು ಕೊಟ್ಟು ತಗೊಳಿ ಅಂದ್ರು. ನಾನು ಬಿಲ್ ಇಟ್ಕೊಂಡಿರೋ ಗಿರಾಕಿ, ಕದ್ದಿದ್ದಲ್ಲ, ಆ ಮಾತು ಇವತ್ತಿಗೂ ನೋವು ಕೊಡುತ್ತೆ. ಆಮೇಲೆ ಯಾರೋ ಲಾಕ್ ಇಲ್ಲದೇ ಓಡೋ ಹಾಗೆ ಮಾಡಿಕೊಡ್ತೀನಿ ಅಂತ 3,500 ರೂಪಾಯಿ ಮುಂಗಡ ತಗೊಂಡ, ದೂರದಿಂದ್ಲೇ ಸ್ಕ್ರೀನ್ ಹಿಡ್ಕೊಂಡು ಆಂಟಿವೈರಸ್ ತೆಗೀರಿ, ಸೆಕ್ಯೂರ್ ಬೂಟ್ ಆಫ್ ಮಾಡಿ, ಟೆಸ್ಟ್ ಮೋಡ್ ಹಾಕಿ ಅಂತ ಶುರು ಮಾಡ್ದ, ಅಂದ್ರೆ ಕಂಪ್ಯೂಟರಿನ ಕಾವಲೆಲ್ಲ ತೆಗೆಯೋದು. ಅದೇ ಕಂಪ್ಯೂಟರಲ್ಲಿ ನಮ್ಮ ಬ್ಯಾಂಕು, ಜಿಎಸ್‌ಟಿ ಎಲ್ಲ ಇದೆ. ನೆಟ್ ಕೇಬಲ್ ಕಿತ್ತೆ, ದುಡ್ಡು ಹೋಯ್ತು. ಈ ದಾರಿಗೆ ಯಾರೂ ಹೋಗ್ಬೇಡಿ.

ಕೊನೆಗೆ ಕೆಲ್ಸ ಆಗಿದ್ದು ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಕ್ಕ ಸೆಕೆಂಡ್ ಹ್ಯಾಂಡ್ ಕೋರ್ 2 ಡ್ಯುಯೋ ಮೆಷಿನ್ನಿಂದ. ಬೋರ್ಡಲ್ಲೇ ಪ್ರಿಂಟರ್ ಪೋರ್ಟ್ ಇರೋದನ್ನ ಕಣ್ಣಾರೆ ನೋಡಿ ತಗೊಂಡೆ. ಮೊದಲ ದಿನ ಅದ್ರಲ್ಲೂ ಲಾಕ್ ಸಿಗ್ಲಿಲ್ಲ, ಬಯಾಸಿನಲ್ಲಿ (ವಿಂಡೋಸ್ ಶುರುವಾಗೋ ಮುಂಚೆ ತೆಗೆಯೋ ಸೆಟ್ಟಿಂಗ್ ಪುಟ) ಪೋರ್ಟ್ ಮೋಡನ್ನ ಇಸಿಪಿ ಅನ್ನೋದರಿಂದ ಹಳೇ ಮಾಮೂಲಿ ಎಸ್‌ಪಿಪಿಗೆ ಬದಲಾಯಿಸಿ, ವಿಳಾಸ 378 ಇದೆಯಾ ನೋಡಿ ಮತ್ತೆ ಹಾಕಿದ್ಮೇಲೆ ಓಪನ್ ಆಯ್ತು. ಅದರ ಬೋರ್ಡಲ್ಲಿರೋ ನಾಣ್ಯದ ಥರದ ಸಿಆರ್2032 ಸೆಲ್ಲು ಹೊಸದು ಹಾಕ್ಬಿಡಿ, ಸೆಲ್ ಸತ್ರೆ ಈ ಸೆಟ್ಟಿಂಗೆಲ್ಲ ಅಳಿಸಿಹೋಗುತ್ತೆ. ಇದ್ರಲ್ಲೂ ಓಡ್ತಿರೋದು ಎಕ್ಸ್‌ಪಿನೇ. ಎಕ್ಸ್‌ಪಿಗೆ 2014ರಿಂದ ಅಪ್‌ಡೇಟ್ ಇಲ್ಲ, ಹಾಗಾಗಿ ನೆಟ್ ಕೊಡ್ಲೇಬೇಡಿ. ಮತ್ತೆ ಈ ಲಾಕನ್ನ ಹಾಕೋದು ತೆಗೆಯೋದು ಮೆಷಿನ್ ಆಫ್ ಮಾಡಿದ್ಮೇಲೇ.

ಯುಎಸ್‌ಬಿ ಲಾಕ್ ಇರೋರು ನಾವು ಬಚಾವ್ ಅನ್ಕೋಬೇಡಿ. ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಅನ್ನೋ ಸುರಕ್ಷತೆ ಸೆಟ್ಟಿಂಗ್ ಆನ್ ಇದ್ರೆ ಹಳೇ ಡ್ರೈವರುಗಳನ್ನ ತಡೆಯುತ್ತೆ. ಲಾಕ್ ಮೇಲೆ ಹಾಸ್ಪ್ ಅಂತಿದ್ರೆ (ಅದು ಲಾಕಿನ ಬ್ರ್ಯಾಂಡು) ಅದನ್ನ ಮೊದಲು ಮಾಡ್ತಿದ್ದ ಅಲಾಡಿನ್ ಕಂಪನಿ ಹೆಸರಲ್ಲಿ ಹುಡುಕಿ ಪ್ರಯೋಜನ ಇಲ್ಲ, ಅದು ಸೇಫ್‌ನೆಟ್, ಜೆಮಾಲ್ಟೊ ಕೈ ದಾಟಿ ಈಗ ಥೇಲ್ಸ್ ಹತ್ರ ಇದೆ, ಹೊಸ ಡ್ರೈವರ್ ಅಲ್ಲೇ ಸಿಗೋದು. ಮೊದಲು ಡ್ರೈವರ್ ಹಾಕಿ, ಆಮೇಲೆ ಲಾಕ್ ಚುಚ್ಚಿ.

ಮೇಷ್ಟ್ರ ಪುಸ್ತಕ ಎರಡು ತಿಂಗಳು ತಡವಾಗಿ ಹೊರಗೆ ಬಂತು. ಅವತ್ತಿಂದ ದಿನಾ ಅಂಗಡಿ ಮುಚ್ಚೋ ಮುಂಚೆ ಒಂದು ಗಂಟೆ ಕೂತು ಹಳೇ ಫೈಲುಗಳನ್ನ ಯೂನಿಕೋಡಿಗೆ ತಿರುಗಿಸಿ ಪಿಡಿಎಫ್ ಸಮೇತ ಇಡ್ತಿದೀನಿ, ತಿರುಗಿಸಿದ್ಮೇಲೆ ಅರ್ಕಾವತ್ತು ಎಡವಟ್ಟಾಗಿರುತ್ತೆ, ಒಂದೊಂದೂ ಓದ್ಲೇಬೇಕು. 2011ರವರೆಗಿಂದು ಮುಗ್ದಿದೆ. ಉಳಿದಿದ್ದು ಮುಗಿಯೋವರ್ಗೂ ಲಾಕು ಬಾಳ್ಬೇಕು ಅಷ್ಟೆ.