ಅಮ್ಮನ ‘ನಿದ್ದೆ ಮಾತ್ರೆ’ ಒಮ್ಮೆಗೇ ನಿಲ್ಲಿಸಿ ಪಟ್ಟ ಪಾಡು

ಮನೆಯಲ್ಲಿ ಯಾರಾದರೂ ಅಲ್ಪ್ರಾಜೋಲಮ್ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಅಲ್ಪ್ರಾಕ್ಸ್, ರೆಸ್ಟಿಲ್ ಅಂತೆಲ್ಲ ಹೆಸರಿನಲ್ಲಿ ಬರುತ್ತದೆ, ನಮ್ಮ ಕಡೆ ಎಲ್ಲರ ಬಾಯಲ್ಲೂ ಬರೀ ‘ನಿದ್ದೆ ಮಾತ್ರೆ’. ತಿನ್ನುವುದು ಅಪಾಯ ಅಂತ ಎಲ್ಲರೂ ಹೇಳುತ್ತಾರೆ. ದಿಢೀರನೆ ಬಿಡುವುದು ಅದಕ್ಕಿಂತ ಅಪಾಯ ಅಂತ ನಮಗೆ ಒಬ್ಬರೂ ಹೇಳಲಿಲ್ಲ.

ನಮ್ಮೂರು ಶ್ರೀನಿವಾಸಪುರದ ಹತ್ತಿರ. ಅಪ್ಪ ಹೋದ ಮೇಲೆ ಅಮ್ಮನಿಗೆ ರಾತ್ರಿಯಾದರೆ ಎದೆ ಹೊಡೆದುಕೊಳ್ಳುವುದು, ಕಣ್ಣು ಮುಚ್ಚದೆ ಕೂರುವುದು ಶುರುವಾಯಿತು. ಕೋಲಾರದಲ್ಲಿ ಡಾಕ್ಟರು ನೋಡಿ 0.25 ಮಿಲಿಗ್ರಾಂ ಮಾತ್ರೆ ಬರೆದರು, ಎರಡು ವಾರಕ್ಕೆ ಮಾತ್ರ ಅಂತ ಚೀಟಿಯಲ್ಲೇ ಇತ್ತು. ಅದರಲ್ಲಿ ತಪ್ಪೇನಿಲ್ಲ. ವಿಪರೀತ ಆತಂಕಕ್ಕೆ, ಪ್ಯಾನಿಕ್ ಅಟ್ಯಾಕಿಗೆ ಸ್ವಲ್ಪ ದಿನ ಕೊಡುವ ಔಷಧಿಯೇ ಅದು, ಅಮ್ಮ ಹಾಯಾಗಿ ಮಲಗಿದರು ಕೂಡ.

ಎಡವಟ್ಟಾಗಿದ್ದು ಆ ಎರಡು ವಾರ ಮುಗಿದ ಮೇಲೆ. ಅಮ್ಮ ಅದೇ ಹಳೇ ಚೀಟಿ ಹಿಡಿದು ಪೇಟೆಯ ಒಂದು ಮೆಡಿಕಲ್‌ಗೆ ಹೋಗುವುದು, ಅವನು ಕೊಡುವುದು. ಆಮೇಲಾಮೇಲೆ ಚೀಟಿಯೂ ಬೇಡ, ಮುಖ ನೋಡಿದರೆ ಸಾಕು. ಇದು ಷೆಡ್ಯೂಲ್ ಎಚ್1 ಔಷಧಿ ಕಣ್ರೀ. 2014ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಅನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಸ್ಟ್ರಿಪ್ ಮೇಲೆ ಕೆಂಪು ಚೌಕದಲ್ಲಿ ಎಚ್ಚರಿಕೆಯೂ ಇರುತ್ತದೆ. ಆದರೆ ಅಮ್ಮನಿಗೆ ಅವನು ಯಾವತ್ತೂ ಇಡೀ ಸ್ಟ್ರಿಪ್ ಕೊಡುತ್ತಿರಲಿಲ್ಲ, ಕತ್ತರಿಯಲ್ಲಿ ಕತ್ತರಿಸಿ ಒಂದು ತುಂಡು, ಪೇಪರ್ ಕವರಿಗೆ ಹಾಕಿ ಕೈಗೆ. ಆ ತುಂಡಿನಲ್ಲಿ ಹೆಸರೂ ಅರ್ಧ, ಕೆಂಪು ಚೌಕ ಇಲ್ಲವೇ ಇಲ್ಲ, ಎಕ್ಸ್‌ಪೈರಿ ತಾರೀಕೂ ಇಲ್ಲ. ‘0.25 ಕೇಳುತ್ತಿಲ್ಲವಾ, 0.5 ತಗೊಳ್ಳಿ ಅಮ್ಮ’ ಅಂದವನೂ ಅವನೇ. ಡಾಕ್ಟರಿಕೆ ಬೇರೆ!

ಅಮ್ಮನಲ್ಲಿ ಬದಲಾವಣೆ ಕಾಣುತ್ತಾ ಹೋಯಿತು. ಸಾರಿಗೆ ಉಪ್ಪು ಹಾಕಿ ಮತ್ತೆ ಹಾಕುವುದು, ಬೆಳಿಗ್ಗೆ ಮಾತಾಡಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ, ರಾತ್ರಿ ಬಚ್ಚಲಿಗೆ ಎದ್ದರೆ ಗೋಡೆ ಹಿಡಿದು ಹೋಗುವುದು. ವಯಸ್ಸಾಯಿತಲ್ಲ ಅಂದುಕೊಂಡರು ಎಲ್ಲರೂ. ವಯಸ್ಸಾದವರಿಗೆ ಈ ಮಾತ್ರೆಯಿಂದ ಮಂಪರು, ಮರೆವು, ತೂರಾಟ ಜಾಸ್ತಿ, ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯವೂ ಇದೆ. ನಮ್ಮ ಪುಣ್ಯ, ಅಮ್ಮ ಬೀಳಲಿಲ್ಲ.

ಅಷ್ಟರಲ್ಲಿ ಸೋದರಮಾವ ಬಂದರು. ಒಳ್ಳೆಯ ಮನುಷ್ಯ, ಆದರೆ ಎಲ್ಲ ತಿಳಿದವರು. ‘ಇದು ಚಟ ಆಗಿಬಿಡುತ್ತೆ’ ಅಂತ ಮಾತ್ರೆಯೆಲ್ಲ ತಿಪ್ಪೆಗೆ ಎಸೆದರು, ಅಂಗಡಿಯವನಿಗೂ ಹೋಗಿ ಬೈದು ಬಂದರು. ಆವತ್ತು ಎಲ್ಲರಿಗೂ ಖುಷಿಯೇ.

ಮಾರನೇ ದಿನ ಅಮ್ಮ ಅವರೆಕಾಯಿ ಸುಲಿಯಲು ಕೂತರು. ಬೆರಳು ನಡುಗಿ ಕಾಳೆಲ್ಲ ಮೊರದಿಂದ ಆಚೆ ಬೀಳುತ್ತಿತ್ತು. ಚಳಿಗಾಲದಲ್ಲಿ ಕುಪ್ಪಸ ಒದ್ದೆಯಾಗುವಷ್ಟು ಬೆವರು. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು, ಯಾರೋ ಅಟ್ಟದ ಮೇಲೆ ಓಡಾಡುತ್ತಿದ್ದಾರೆ ಅಂತ ಹೆದರಿಕೆ. ಅಕ್ಕಪಕ್ಕದವರು ಗಾಳಿ ಸೋಕಿದೆ ಅಂದರು, ದೃಷ್ಟಿ ತೆಗೆದರು. ಮರುದಿನ ಸಂಜೆ ಫಿಟ್ಸ್ ಬಂತು. ಜನ್ಮದಲ್ಲಿ ಒಂದು ಸಲವೂ ಫಿಟ್ಸ್ ಬಂದವರಲ್ಲ ಅಮ್ಮ.

108ರಲ್ಲಿ ಕೋಲಾರಕ್ಕೆ ಹೋದೆವು. ಏನೇನು ಮಾತ್ರೆ ತಗೋತಾರೆ ಅಂತ ಡಾಕ್ಟರು ಕೇಳಿದಾಗ ಮಾವ ಹೇಳಿದ್ದು ಬಿಪಿ, ಶುಗರ್, ಅಷ್ಟೇ. ನಿದ್ದೆ ಮಾತ್ರೆ ಬಿಟ್ಟಾಗಿದೆಯಲ್ಲ, ಅದನ್ಯಾಕೆ ಹೇಳುವುದು ಅಂತ! ತಂಗಿ ಅಮ್ಮನ ಎಲೆಅಡಿಕೆ ಚೀಲ ತಡಕಾಡಿ ಖಾಲಿ ಫಾಯಿಲ್ ತುಂಡು ತಂದು ತೋರಿಸಿದ ಮೇಲೆ ಡಾಕ್ಟರಿಗೆ ವಿಷಯ ಹೊಳೆಯಿತು.

ಅವರು ಬಿಡಿಸಿ ಹೇಳಿದ್ದು ಹೀಗೆ. ಮಿದುಳನ್ನು ತಣ್ಣಗಿಡುವ ಗಾಬಾ ಅನ್ನುವ ರಾಸಾಯನಿಕದ ಕೆಲಸವನ್ನು ಈ ಮಾತ್ರೆ ಜಾಸ್ತಿ ಮಾಡುತ್ತದೆ. ದಿನಾ ತಗೊಂಡರೆ ಕೆಲವೇ ವಾರಗಳಲ್ಲಿ ಮಿದುಳು ಅದಕ್ಕೆ ಒಗ್ಗಿಹೋಗಬಹುದು, ಡಾಕ್ಟರು ಹೇಳಿದಷ್ಟೇ ತಗೊಂಡರೂ. ಆಮೇಲೆ ಒಮ್ಮೆಗೇ ಕಿತ್ತುಕೊಂಡರೆ ತಡೆಯುವುದೇ ಇಲ್ಲದಂತಾಗಿ ನಡುಕ, ಬೆವರು, ಭ್ರಮೆ, ಫಿಟ್ಸ್, ಜೀವಕ್ಕೂ ಅಪಾಯ. ಅದರಲ್ಲೂ ಅಲ್ಪ್ರಾಜೋಲಮ್ ದೇಹದಿಂದ ಬೇಗ ಹೋಗಿಬಿಡುತ್ತದೆ, ಆರೋಗ್ಯವಂತರಲ್ಲಿ ಸುಮಾರು 11 ಗಂಟೆಯೊಳಗೇ ಅರ್ಧ ಇಳಿದಿರುತ್ತದೆ, ವಯಸ್ಸಾದವರಲ್ಲಿ ಸ್ವಲ್ಪ ನಿಧಾನ. ಅದಕ್ಕೇ ಒಂದೆರಡು ದಿನದಲ್ಲೇ ತೊಂದರೆ ಕಾಣಿಸಿಕೊಂಡಿದ್ದು. ಹಾಗಾಗಿ ಅದೇ ಮಾತ್ರೆ ಮತ್ತೆ ಶುರು ಮಾಡಿದರು. ಮಾವನಿಗೆ ಅದು ಇವತ್ತಿಗೂ ಅರಗಿಲ್ಲ.

ಇನ್ನೊಂದು ವಿಷಯ ಆಸ್ಪತ್ರೆಯಲ್ಲೇ ಗೊತ್ತಾಯಿತು. ಮಂಡಿ ನೋವಿಗೆ ಅಂತ ಅಮ್ಮ ನುಂಗುತ್ತಿದ್ದ ಮಾತ್ರೆಯಲ್ಲಿ ಟ್ರಮಡಾಲ್ ಅನ್ನುವ ಅಫೀಮಿನ ಜಾತಿಯ ನೋವಿನ ಔಷಧಿ ಇತ್ತು. ಅದೂ ಅದೇ ಅಂಗಡಿಯದ್ದು. ನಿದ್ದೆ ಮಾತ್ರೆಯ ಜೊತೆ ಇದು ಸೇರಿದರೆ ಉಸಿರಾಟವೇ ಕುಗ್ಗಿಹೋಗಬಹುದು, ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೂ, ಹೆಂಡಕ್ಕೂ ಇದೇ ಮಾತು. ಕುಡಿದು ಬಂದು ಮೇಲೊಂದು ಅಲ್ಪ್ರಾಕ್ಸ್ ಹಾಕಿಕೊಂಡು ಮಲಗುವ ಗಂಡಸರು ನಮ್ಮ ಬೀದಿಯಲ್ಲೇ ಇದ್ದಾರೆ, ಅವರ ಮನೆಯವರು ಇದನ್ನು ಓದಿದರೆ ಒಳ್ಳೆಯದು.

ಅಮ್ಮ ಈಗ ಚೆನ್ನಾಗಿದ್ದಾರೆ. ಮಾತ್ರೆ ಪೂರ್ತಿ ನಿಂತಿಲ್ಲ, ಡಾಕ್ಟರು ಚೂರು ಚೂರೇ ಇಳಿಸುತ್ತಿದ್ದಾರೆ, ಎಷ್ಟು ಇಳಿಸಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ, ಅಮ್ಮನ ಲೆಕ್ಕ ನಿಮ್ಮವರಿಗೆ ಹಿಡಿಯಬೇಡಿ. ನಿಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿದ್ದರೆ ಮಾತ್ರೆ ಎಸೆಯಬೇಡಿ, ಆ ತುಂಡು ಸಮೇತ ಡಾಕ್ಟರ ಹತ್ತಿರ ಹೋಗಿ. ದೂರ ಹೋಗಲಾಗದವರು ತಾಲೂಕು ಆಸ್ಪತ್ರೆಯಲ್ಲಿ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಬಗ್ಗೆ ವಿಚಾರಿಸಿ, ಅಲ್ಲಿಗೆ ಮನೋವೈದ್ಯರು ಬರುತ್ತಾರೆ. ಯಾರ ಹತ್ತಿರ ಕೇಳಬೇಕು ಅಂತಲೇ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್ ಬಂದರೆ ಮಾತ್ರ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ, ಸೀದಾ 108.